ಸೆಪ್ಟೆಂಬರ್ 23: ಹಲಗೆಯ ಮೇಲೆ ಯಾವ ಯುದ್ಧ ಉಳಿಯಬೇಕು, ಯಾವುದನ್ನು ಅಳಿಸಬೇಕು?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ‘ಈ ದಿನ’ ಅಂತ ಹಲಗೆಯ ಮೇಲೆ ಐದಾರು ಸಾಲು ಬರೆಸುವುದು ನಮ್ಮಲ್ಲಿ ರೂಢಿ. ಸೆಪ್ಟೆಂಬರ್ 23ಕ್ಕೆ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ದಳ) ನೆನಪಿನಲ್ಲಿ ಯುದ್ಧಗಳನ್ನೇ ಹಾಕೋಣ ಅಂದಾಗ ಮಕ್ಕಳು ಏಳು ಘಟನೆ ಹುಡುಕಿ ತಂದರು: ಹೈಫಾ (1918), ಅಸ್ಸಾಯೆ (1803), ಭಾರತ–ಪಾಕ್ ಕದನವಿರಾಮ (1965), ಇಂಗ್ಲೆಂಡಿನ ಫ್ಲಾಂಬರೋ ಹೆಡ್ ನೌಕಾಯುದ್ಧ (1779), ಬ್ಲೋರ್ ಹೀತ್ (1459), ಗ್ರೀಕರ ಸಲಾಮಿಸ್ (ಕ್ರಿ.ಪೂ. 480), ಜರ್ಮನಿಯ ಎಮ್ಡೆನ್ ಹಡಗು ಮದರಾಸಿನ ಮೇಲೆ ಗುಂಡು ಹಾರಿಸಿದ್ದು (1914). ಕದನವಿರಾಮ 22ಕ್ಕೇ ಆಯಿತು ಅಂತ ಒಬ್ಬಳ ವಾದ. ಹೈಫಾಕ್ಕೂ ಒಂದು ಕಡೆ 22 ಅಂತಿದೆ. ಯಾವುದನ್ನು ಇಟ್ಟುಕೊಳ್ಳಲಿ? ನಮ್ಮ ಪಕ್ಕದ ಆತಕೂರಿನ ಶಾಸನದಲ್ಲಿ ಬರುವ, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲಂ ಯುದ್ಧಕ್ಕೂ ಹೀಗೇ ಒಂದು ದಿನ ಕೊಡಬಹುದೇ?

ಉತ್ತರ: ಏಳರಲ್ಲಿ ನಾಲ್ಕು ಗಟ್ಟಿಯಾಗಿ ನಿಲ್ಲುತ್ತವೆ: ಹೈಫಾ, ಅಸ್ಸಾಯೆ, 1965ರ ಕದನವಿರಾಮ, ಫ್ಲಾಂಬರೋ ಹೆಡ್. ಬ್ಲೋರ್ ಹೀತ್ ಒಂದು ಷರತ್ತಿನ ಮೇಲೆ ಉಳಿಯಬಹುದು. ಎಮ್ಡೆನ್ ಅನ್ನು ಹಿಂದಿನ ದಿನದ ಹಲಗೆಗೆ ದಾಟಿಸಿ. ಸಲಾಮಿಸ್ ಅಳಿಸಿಬಿಡಿ. ತಕ್ಕೋಲಂಗೆ ದಿನ ಕೊಡಲು ಬರುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ. ವಾದ ಮಾಡಿದ ಹುಡುಗಿಯ ಮಾತೂ ತಪ್ಪಲ್ಲ. ಅವಳು ನೋಡಿದ್ದು ಬೇರೆ ಊರಿನ ಗಡಿಯಾರ, ಅಷ್ಟೆ.

ಹೈಫಾದಿಂದಲೇ ಶುರು ಮಾಡೋಣ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಜನರಲ್ ಅಲೆನ್‌ಬಿಯ ಸೇನೆ 1918ರ ಸೆಪ್ಟೆಂಬರ್ 19ರಂದು ಪ್ಯಾಲೆಸ್ಟೈನಿನಲ್ಲಿ ತುರ್ಕರ ಸಾಲನ್ನು ಒಡೆಯಿತು. ಆ ತೆರಪಿನಲ್ಲಿ ನುಗ್ಗಿದ ಕುದುರೆ ದಳಗಳಲ್ಲಿ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡೂ ಒಂದು. ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ ರೆಜಿಮೆಂಟುಗಳು ಅದರಲ್ಲಿದ್ದವು. ತುರ್ಕರು ಅಲ್ಲಿನ ಕಡಲ ದಡದ ಊರಾದ ಹೈಫಾ ಬಿಟ್ಟು ಹೋಗಿದ್ದಾರೆ ಎಂಬ ಸುದ್ದಿ ನಂಬಿ 22ರಂದು ಶಸ್ತ್ರಸಜ್ಜಿತ ಕಾರುಗಳ ಒಂದು ತಂಡ ಊರಿನ ಕಡೆ ಹೊರಟಿತು. ದಾರಿಯಲ್ಲಿ ಫಿರಂಗಿ ಏಟು ಬಿದ್ದು ಹಿಂದಿರುಗಿತು. ನಿಮಗೆ ಕಂಡ 22 ಬಹುಶಃ ಇದೇ. ಅದು ವಿಫಲವಾದ ಪ್ರಯತ್ನದ ತಾರೀಖು, ಊರು ಗೆದ್ದ ತಾರೀಖಲ್ಲ.

ಮರುದಿನ, ಸೋಮವಾರ 23ರಂದು ಬ್ರಿಗೇಡಿಗೆ ಆ ಕೆಲಸ ಬಿತ್ತು. ಜಾಗ ಇಕ್ಕಟ್ಟಿನದು. ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕ ಕಿಶೋನ್ ಹೊಳೆ, ನಡುವೆ ಊರಿಗೆ ಹೋಗುವ ರಸ್ತೆ. ಬೆಟ್ಟದ ಮೇಲಿನ ಫಿರಂಗಿಗಳೂ ತಪ್ಪಲಿನ ಮಷಿನ್‌ಗನ್‌ಗಳೂ ಆ ರಸ್ತೆಯ ಮೇಲೆಯೇ ಗುರಿಯಿಟ್ಟಿದ್ದವು. ಆದ್ದರಿಂದ ಕೆಲಸ ಎರಡಾಗಿ ಹಂಚಿಹೋಯಿತು. ಮೈಸೂರು ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್ ಹಿಂದಿನಿಂದ ಕಾರ್ಮೆಲ್ ಏರಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಬೇಕು. ಜೋಧಪುರದವರು ಕೆಳಗಿನಿಂದ ನುಗ್ಗಬೇಕು. ಮಧ್ಯಾಹ್ನ 2ರ ಸುಮಾರಿಗೆ ಜೋಧಪುರದವರು ಹೊಳೆ ದಾಟಲು ಹೋದಾಗ ದಡದ ಮರಳು ಕುಸಿಯಿತು, ಕುದುರೆಗಳ ಕಾಲು ಹೂತವು. ನಿಂತರೆ ಎಲ್ಲರೂ ಗುಂಡಿಗೆ ಸಿಗುವ ಜಾಗ ಅದು. ಅವರು ಎಡಕ್ಕೆ ಹೊರಳಿ ಬೆಟ್ಟದ ತಪ್ಪಲಿನ ಮಷಿನ್‌ಗನ್‌ಗಳ ಮೇಲೆಯೇ ಕುದುರೆ ನುಗ್ಗಿಸಿ, ಅಲ್ಲಿಂದ ಊರೊಳಗೆ ಹೋದರು. ಮುಂದಾಳತ್ವ ವಹಿಸಿದ್ದ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಮೇಲೆ ಮೈಸೂರಿನವರು ಸುಮಾರು ಅದೇ ಹೊತ್ತಿಗೆ ಫಿರಂಗಿ ನೆಲೆಯ ಮೇಲೆ ಬಿದ್ದಿದ್ದರು. ಕೆಳಗಿನ ದಾಳಿ ಸಾಧ್ಯವಾದದ್ದು ಅದರಿಂದ. ಮಕ್ಕಳಿಗೆ ಚಿತ್ರ ಬಿಡಿಸಿ ತೋರಿಸುವುದಾದರೆ ಬೆಟ್ಟ, ರಸ್ತೆ, ಹೊಳೆ, ಈ ಮೂರು ಗೆರೆ ಸಾಕು. ಯುದ್ಧ ಅರ್ಥವಾಗುತ್ತದೆ.

ನಷ್ಟದ ಲೆಕ್ಕ: ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು, 83 ಗಾಯಗೊಂಡವು. ಸೆರೆ ಸಿಕ್ಕವರು ಸುಮಾರು 1,350 ಮಂದಿ, ಫಿರಂಗಿ 17. ಸವಾರರಿಗಿಂತ ಕುದುರೆಗಳೇ ಹೆಚ್ಚು ಸತ್ತದ್ದು ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಓಡುವ ಕುದುರೆಗೆ ಮಷಿನ್‌ಗನ್ ಗುಂಡು ತಾಗಿದರೂ ಅದು ತಕ್ಷಣ ನಿಲ್ಲುವುದಿಲ್ಲ. ಸವಾರನನ್ನು ಶತ್ರುವಿನ ಸಾಲಿಗೆ ಮುಟ್ಟಿಸಿ ಆಮೇಲೆ ಕುಸಿದ ಕುದುರೆಗಳು ಅಲ್ಲಿ ಬಹಳ.

ಹೈಫಾ ಬಗ್ಗೆ ಹಲಗೆಯ ಮೇಲೆ ಬರೆಯಬಾರದ ಎರಡು ಮಾತುಗಳಿವೆ, ಎರಡೂ ಎಲ್ಲೆಡೆ ಓಡಾಡುತ್ತಿವೆ. ಒಂದು, ‘ಇತಿಹಾಸದ ಕೊನೆಯ ಅಶ್ವದಳ ದಾಳಿ’. ಅಲ್ಲ. ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ತಾವೇ ಒಂದು ತಿಂಗಳ ಮೇಲೆ, ಅಕ್ಟೋಬರ್ 26ರಂದು, ಅಲೆಪ್ಪೋ ಹತ್ತಿರದ ಹರಿತಾನ್‌ನಲ್ಲಿ ಮತ್ತೆ ಕುದುರೆ ನುಗ್ಗಿಸಿದರು. ಇಟಲಿಯ ಸವಾರರು 1942ರ ಆಗಸ್ಟಿನಲ್ಲಿ ರಷ್ಯಾದ ಬಯಲಿನಲ್ಲಿ ನುಗ್ಗಿದ್ದುಂಟು. ಹೈಫಾದ ಹೆಚ್ಚುಗಾರಿಕೆ ಬೇರೆಯದೇ: ಕೋಟೆಕೊತ್ತಲದಂತೆ ಕಾವಲಿದ್ದ ಒಂದು ಊರನ್ನು ಕುದುರೆ ಸವಾರರು ಹಾಡುಹಗಲಿನಲ್ಲಿ ನುಗ್ಗಿ ಹಿಡಿದರು. ಇನ್ನೊಂದು, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಿರುವುದರಿಂದ ‘ಮೂರು ಸಂಸ್ಥಾನದವರೂ ಹೈಫಾ ದಾಳಿಯಲ್ಲಿ ನುಗ್ಗಿದರು’ ಎಂಬುದು. ಆ ಸ್ಮಾರಕ ಇಡೀ ಬ್ರಿಗೇಡಿನ ಸೇವೆಗೆ ಸಂದದ್ದು. ಅಂದಿನ ದಾಳಿ ನಡೆಸಿದವರು ಜೋಧಪುರ ಮತ್ತು ಮೈಸೂರಿನವರು. ಅವರ ಬೆಂಬಲಕ್ಕೆ ಒಂದು ಬ್ರಿಟಿಷ್ ಕುದುರೆ ಫಿರಂಗಿ ಬ್ಯಾಟರಿಯೂ, ಬೆಟ್ಟದ ಮೇಲೆ ಶೆರ್‌ವುಡ್ ರೇಂಜರ್ಸ್‌ನ ಒಂದು ಸ್ಕ್ವಾಡ್ರನ್ನೂ ಇದ್ದವು. ಅಂದಹಾಗೆ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕ ನೋಡಲು ದೆಹಲಿಗೇ ಹೋಗಬೇಕಿಲ್ಲ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದಿದೆ.

ಅದೇ 23ರಂದು ಕೊಲ್ಲಿಯ ಆಚೆ ದಡದ ಏಕರ್ ಊರನ್ನು, 15ನೇ ಬ್ರಿಗೇಡ್ ಸೇರಿದ್ದ ಡಿವಿಜನ್ನಿನದೇ ಆದ 13ನೇ ಬ್ರಿಗೇಡ್ ಹಿಡಿಯಿತು. ಜಾಗ ಇದ್ದರೆ ಅರ್ಧ ಸಾಲು ಕೊಡಿ.

ಇನ್ನು ಅಸ್ಸಾಯೆ. ನಮ್ಮ ಕಡೆಯವರಿಗೆ ಸೆಪ್ಟೆಂಬರ್ 23 ಬರೀ ಕಾಕತಾಳೀಯ ಅನ್ನಿಸದಿರುವುದು ಇದರಿಂದ. ಹೈಫಾಕ್ಕೆ ಸರಿಯಾಗಿ 115 ವರ್ಷ ಮೊದಲು, ಅದೇ ತಾರೀಖಿನಂದು, ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ ಮರಾಠರ ಶಿಂದೆ ಮತ್ತು ಭೋಸಲೆಯರ ಸೇನೆಯ ಎದುರು ನಿಂತವನು ಬ್ರಿಟಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ. 1799ರ ನಂತರ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡಿದ್ದವನೇ ಇವನು. ಇವನ ಜೊತೆಗೆ ಮೈಸೂರು ಸಂಸ್ಥಾನ ಕಳಿಸಿದ ಎರಡು ಸಾವಿರಕ್ಕೂ ಮಿಕ್ಕಿದ ಸಿಲ್ಲೇದಾರ್ ಸವಾರರಿದ್ದರು. ಸಿಲ್ಲೇದಾರ ಅಂದರೆ ಕುದುರೆ, ಆಯುಧ ಎಲ್ಲ ಸ್ವಂತದ್ದು ತಂದು ಸಂಬಳಕ್ಕೆ ನಿಲ್ಲುವವನು. ಕಳಿಸಿದವರು ದಿವಾನ್ ಪೂರ್ಣಯ್ಯ. ಬ್ರಿಟಿಷ್ ದಾಖಲೆಗಳಲ್ಲಿ ಇವರ ಮುಖಂಡನ ಹೆಸರು ಬಿಷ್ಣಪ್ಪ ಪಂಡಿತ ಎಂದು ಬರುತ್ತದೆ. ಆ ಸೇನೆ ದಖ್ಖಣದಲ್ಲಿ ಅಷ್ಟು ಬೇಗ ಬೇಗ ಸಾಗಲು ಮೈಸೂರಿನ ಅಮೃತಮಹಲ್ ಎತ್ತುಗಳೂ ಒಂದು ಕಾರಣ.

ಆದರೆ ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಲಗಾಮು ಬೇಕು. ಮೈಸೂರು ಸವಾರರು ಅಸ್ಸಾಯೆಯ ಮುಖ್ಯ ದಾಳಿಯಲ್ಲಿ ನುಗ್ಗಲಿಲ್ಲ. ಕೇಳನಾ ನದಿಯ ದಕ್ಷಿಣ ದಡದಲ್ಲೇ ನಿಂತು ಮರಾಠರ ದೊಡ್ಡ ಕುದುರೆ ದಂಡು ಹಿಂದಿನಿಂದ ಬಂದು ಬೀಳದಂತೆ ತಡೆದು ನಿಲ್ಲುವುದು ಅವರಿಗೆ ಕೊಟ್ಟ ಕೆಲಸ. ಕಾವಲಿನ ಕೆಲಸ ಕಥೆಗೆ ರುಚಿಸುವುದಿಲ್ಲ, ಹಾಗಂತ ‘ಮೈಸೂರು ಸವಾರರ ದಾಳಿ’ ಅಂತ ಬರೆಯಬೇಡಿ. ‘ಮೈಸೂರು ಸವಾರರೂ ಇದ್ದರು’ ಅಂತ ಬರೆಯಿರಿ.

ಅಸ್ಸಾಯೆಯ ತಾರೀಖು ತಾನೇ ಒಂದು ಆಕಸ್ಮಿಕ. ವೆಲ್ಲೆಸ್ಲಿ ಮತ್ತು ಕರ್ನಲ್ ಸ್ಟೀವನ್‌ಸನ್ ಬೇರೆ ಬೇರೆ ದಾರಿಯಲ್ಲಿ ನಡೆದು 24ರಂದು ಒಟ್ಟಿಗೆ ದಾಳಿ ಮಾಡುವುದೆಂದು ಗೊತ್ತು ಮಾಡಿಕೊಂಡಿದ್ದರು. 23ರಂದೇ ವೆಲ್ಲೆಸ್ಲಿಗೆ ಇಡೀ ಮರಾಠಾ ಸೇನೆ ಎದುರಾಯಿತು. ಕಾದರೆ ಅವರು ಜಾಗ ಖಾಲಿ ಮಾಡಬಹುದು, ಇಲ್ಲವೇ ತನ್ನ ಮೇಲೆಯೇ ಬೀಳಬಹುದು. ನದಿಯ ಎರಡು ದಡದಲ್ಲಿ ಎದುರುಬದುರಾಗಿ ಎರಡು ಹಳ್ಳಿಗಳಿದ್ದುದನ್ನು ನೋಡಿ, ನಡುವೆ ಕಾಲುದಾರಿ ಇದ್ದೇ ಇರಬೇಕು, ನದಿ ಅಲ್ಲಿ ಹಾಯಲು ಬರಲೇಬೇಕು ಎಂದು ಊಹಿಸಿದ. ಕಾವೇರಿ ದಂಡೆಯ ಹಳ್ಳಿ ಮಕ್ಕಳಿಗೆ ಈ ತರ್ಕ ವಿವರಿಸಬೇಕಾಗಿಯೇ ಇಲ್ಲ. ಊಹೆ ಸರಿಯಿತ್ತು. ಮರಾಠರ ಕಡೆ ಪಾಶ್ಚಾತ್ಯ ಕವಾಯತು ಕಲಿತ ಕಾಲಾಳುಗಳು ಹತ್ತು ಸಾವಿರಕ್ಕೂ ಹೆಚ್ಚು, ಜೊತೆಗೆ ನೂರರ ಹತ್ತಿರ ಫಿರಂಗಿ. ಕತ್ತಲಾಗುವ ಹೊತ್ತಿಗೆ ಮುಗಿದ ಆ ಯುದ್ಧದಲ್ಲಿ ಗೆದ್ದ ಕಡೆಯಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 1,500 ದಾಟಿದರು. ನಮ್ಮ ಪಂಚಾಂಗದಲ್ಲಿ ಆ ವರ್ಷದ ಹೆಸರು ರುಧಿರೋದ್ಗಾರಿ ಸಂವತ್ಸರ. ಹೆಸರು ಇಟ್ಟವರು ಅಸ್ಸಾಯೆಯನ್ನು ನೋಡಿರಲಿಲ್ಲ, ಆದರೂ.

ಒಂದು ಎಡವಟ್ಟು ಇಲ್ಲಿ ತಪ್ಪದೆ ಆಗುತ್ತದೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಅಸ್ಸಾಯೆಯ ವೆಲ್ಲೆಸ್ಲಿಯ ಹೆಸರಿನದಲ್ಲ. ಪೂರ್ಣಯ್ಯನವರು ಅದಕ್ಕೆ ಇಟ್ಟದ್ದು ಅವನ ಅಣ್ಣ, ಗವರ್ನರ್ ಜನರಲ್ ಆಗಿದ್ದ ರಿಚರ್ಡ್‌ನ ಹೆಸರು.

ಈಗ 1965. ಭದ್ರತಾ ಮಂಡಳಿ ಸೆಪ್ಟೆಂಬರ್ 20ರ ನಿರ್ಣಯದಲ್ಲಿ 22ರಂದು ಗ್ರೀನಿಚ್ ಸಮಯ ಬೆಳಿಗ್ಗೆ 7ಕ್ಕೆ ಕದನ ನಿಲ್ಲಿಸಿ ಎಂದಿತು. ಆಮೇಲೆ ಗಡುವು 15 ಗಂಟೆ ಮುಂದಕ್ಕೆ ಹೋಯಿತು: 22ರ ರಾತ್ರಿ 10, ಗ್ರೀನಿಚ್ ಸಮಯ. ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ. 23ರ ಬೆಳಗಿನ ಜಾವ 3.30. ನ್ಯೂಯಾರ್ಕಿನಲ್ಲಿ ಆಗ 22ರ ಸಂಜೆ 6. ವಿಶ್ವಸಂಸ್ಥೆಯ ಕಾಗದ ಓದಿದವರು 22 ಅನ್ನುತ್ತಾರೆ, ಇಲ್ಲಿಯವರು 23 ಅನ್ನುತ್ತಾರೆ, ಇಬ್ಬರೂ ಒಂದೇ ಗಳಿಗೆಯನ್ನು ಹೇಳುತ್ತಿದ್ದಾರೆ. ಯುದ್ಧಭೂಮಿ ಇದ್ದ ಊರಿನ ಗಡಿಯಾರವನ್ನೇ ಹಿಡಿಯುವುದು ಸೇನಾ ಇತಿಹಾಸದ ರೂಢಿ. ಆದ್ದರಿಂದ ಹಲಗೆಗೆ 23, ಪಕ್ಕದಲ್ಲಿ ‘ಬೆಳಗಿನ ಜಾವ 3.30’. ಆ ನಾಲ್ಕು ಅಕ್ಷರ ಬರೆದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಫ್ಲಾಂಬರೋ ಹೆಡ್ ಚಿಕ್ಕದಾಗಿ ಮುಗಿಸಬಹುದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಜಾನ್ ಪಾಲ್ ಜೋನ್ಸ್‌ನ ಬೊನೊಮ್ ರಿಚರ್ಡ್ ಹಡಗು ಬ್ರಿಟಿಷರ ಸೆರಾಪಿಸ್ ಅನ್ನು ಸಂಜೆ ಕಾಳಗದಲ್ಲಿ ಹಿಡಿಯಿತು. ಗೆದ್ದ ಹಡಗೇ ತೂತು ಬಿದ್ದು 25ರಂದು ಮುಳುಗಿತು. ಮುಳುಗಿದ ದಿನ, ಕಾದಾಡಿದ ದಿನ ಬೆರೆಸಬೇಡಿ. ಅದು ಮೊದಲು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಹಡಗಾಗಿತ್ತು.

ಎಮ್ಡೆನ್ ಮದರಾಸಿನ ತೈಲ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ್ದು 1914ರ ಸೆಪ್ಟೆಂಬರ್ 22ರ ರಾತ್ರಿ ಒಂಬತ್ತು ದಾಟಿದ ಮೇಲೆ. ರಾತ್ರಿ ನಡೆದದ್ದು ಪತ್ರಿಕೆಯಲ್ಲಿ ಬರುವುದು ಮರುದಿನ, ಆದ್ದರಿಂದ ಇಂಥ ಘಟನೆಗಳ ತಾರೀಖು ಒಂದು ದಿನ ಜಾರುವುದು ಸಾಮಾನ್ಯ. ಹಳೆಯ ಪತ್ರಿಕೆಯಿಂದ ತಾರೀಖು ಎತ್ತುವಾಗ ತಲೆಬರಹದ ತಾರೀಖು ಬಿಟ್ಟು ಸುದ್ದಿಯ ಒಳಗೆ ‘ನಿನ್ನೆ ರಾತ್ರಿ’ ಇದೆಯೇ ನೋಡಿ.

ಸಲಾಮಿಸ್‌ನ ದಿನವನ್ನು ಗ್ರೀಕ್ ತಿಂಗಳು ಮತ್ತು ಗ್ರಹಣದ ಲೆಕ್ಕದಿಂದ ಊಹಿಸಿದ್ದು. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಷ್ಟು ಹಳೆಯದಕ್ಕೆ ತಾರೀಖಿನ ಹಲಗೆ ಸರಿಯಾದ ಜಾಗವಲ್ಲ.

ಬ್ಲೋರ್ ಹೀತ್‌ಗೆ ಹೇಳಿದ ಷರತ್ತು ಇದು. 1459ರಲ್ಲಿ ಇಂಗ್ಲೆಂಡಿನಲ್ಲಿದ್ದದ್ದು ಜೂಲಿಯನ್ ಪಂಚಾಂಗ. ಅದಕ್ಕೂ ಈಗಿನ ಗ್ರೆಗೋರಿಯನ್ ಲೆಕ್ಕಕ್ಕೂ ಆ ಶತಮಾನದಲ್ಲಿ 9 ದಿನ ಅಂತರ. ಅಂದರೆ ಈಗಿನ ಲೆಕ್ಕದಲ್ಲಿ ಆ ದಿನ ಅಕ್ಟೋಬರ್ 2. ಅಂತರ 1500ರಿಂದ 1700ರವರೆಗೆ 10 ದಿನ, ಆಮೇಲೆ ಶತಮಾನಕ್ಕೊಂದರಂತೆ 11, 12, ಮತ್ತೆ 1900ರಿಂದ 13. ಇಂಗ್ಲೆಂಡ್ ಬದಲಾಯಿಸಿದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ 14. ಇತಿಹಾಸಕಾರರು ಹಳೆಯ ಯುದ್ಧಗಳಿಗೆ ಆ ಕಾಲದ ತಾರೀಖನ್ನೇ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಬರೆಯುವುದಾದರೆ ‘ಹಳೆಯ ಪಂಚಾಂಗ’ ಅಂತ ಸೇರಿಸಿ. ಹೈಫಾದಲ್ಲಿ ಈ ತೊಡಕಿಲ್ಲ. ತುರ್ಕರು 1917ರಲ್ಲೇ ತಮ್ಮ ರೂಮಿ ಪಂಚಾಂಗದ ದಿನಗಳನ್ನು ಗ್ರೆಗೋರಿಯನ್‌ಗೆ ಹೊಂದಿಸಿಕೊಂಡಿದ್ದರು. ವರ್ಷದ ಅಂಕಿ ಮಾತ್ರ ಬೇರೆ, 1334.

ಮಕ್ಕಳು ತಂದ ತಾರೀಖನ್ನು ಪರೀಕ್ಷಿಸಲು ವಾರದ ಲೆಕ್ಕ ಕಲಿಸಿ. ಕಾಗದ, ಪೆನ್ಸಿಲ್ ಸಾಕು. ಇಸವಿಯ ಕೊನೆಯ ಎರಡು ಅಂಕಿ, ಅದನ್ನು 4ರಿಂದ ಭಾಗಿಸಿದ ಪೂರ್ಣಾಂಕ, ತಿಂಗಳ ಅಂಕಿ, ತಾರೀಖು, ಶತಮಾನದ ಅಂಕಿ, ಈ ಐದನ್ನೂ ಕೂಡಿ 7ರಿಂದ ಭಾಗಿಸಿ. ಶೇಷ 1 ಬಂದರೆ ಭಾನುವಾರ, 2 ಸೋಮವಾರ, ಹೀಗೆ. 0 ಬಂದರೆ ಶನಿವಾರ. ಜನವರಿಯಿಂದ ತಿಂಗಳ ಅಂಕಿಗಳು: 1, 4, 4, 0, 2, 5, 0, 3, 6, 1, 4, 6. ಶತಮಾನಕ್ಕೆ 1700ರ ಸಾಲಿಗೆ 4, 1800ಕ್ಕೆ 2, 1900ಕ್ಕೆ 0, 2000ಕ್ಕೆ 6. ಹೈಫಾ: 18 + 4 + 6 + 23 + 0 = 51, ಶೇಷ 2, ಸೋಮವಾರ. ಅಸ್ಸಾಯೆ: 3 + 0 + 6 + 23 + 2 = 34, ಶೇಷ 6, ಶುಕ್ರವಾರ. 1965ರದ್ದು ಗುರುವಾರ ಬರಬೇಕು, ಮಕ್ಕಳೇ ಮಾಡಲಿ. ಅಧಿಕ ವರ್ಷದ ಜನವರಿ, ಫೆಬ್ರವರಿಗೆ ಮಾತ್ರ ಮೊತ್ತದಿಂದ 1 ಕಳೆಯಬೇಕು. ಬಹಳ ಜನ ಎಡವುವುದು ಇಲ್ಲೇ. ದಿನಚರಿ, ಪತ್ರ, ಸಮಾಧಿ ಕಲ್ಲುಗಳಲ್ಲಿ ವಾರ ಬರೆದಿದ್ದು ಲೆಕ್ಕಕ್ಕೆ ಹೊಂದದಿದ್ದರೆ ತಾರೀಖೋ ಪಂಚಾಂಗವೋ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಜೂಲಿಯನ್ ತಾರೀಖುಗಳಿಗೆ ಈ ಸೂತ್ರ ಹಾಕಬೇಡಿ.

ಹಲಗೆಯ ಮೇಲೆ ಹೀಗೆ ಬರೆದರೆ ಸಾಕು:

1803, ಶುಕ್ರವಾರ: ಅಸ್ಸಾಯೆ. ವೆಲ್ಲೆಸ್ಲಿಯ ಸೇನೆಯಲ್ಲಿ ಮೈಸೂರಿನ ಸಿಲ್ಲೇದಾರ್ ಸವಾರರೂ ಇದ್ದರು.
1918, ಸೋಮವಾರ: ಹೈಫಾ. ಬೆಟ್ಟದ ಮೇಲೆ ಮೈಸೂರು ಲ್ಯಾನ್ಸರ್ಸ್, ಕೆಳಗೆ ಜೋಧಪುರ ಲ್ಯಾನ್ಸರ್ಸ್.
1965, ಗುರುವಾರ: ಬೆಳಗಿನ ಜಾವ 3.30ಕ್ಕೆ ಭಾರತ–ಪಾಕ್ ಕದನವಿರಾಮ.
1779, ಗುರುವಾರ: ಫ್ಲಾಂಬರೋ ಹೆಡ್ ನೌಕಾಯುದ್ಧ.

ಇಸವಿಯ ಕ್ರಮ ತಪ್ಪಿದೆ ಅಂತ ಯಾರಾದರೂ ಅಂದರೆ ಅನ್ನಲಿ, ಊರಿಗೆ ಹತ್ತಿರದ್ದು ಮೇಲಿರಲಿ. ದಸರಾ ರಜೆ ಬೇಗ ಬಂದ ವರ್ಷ ರಜೆಗೆ ಮುಂಚಿನ ದಿನವೇ ಬರೆಸಿ, ಆದರೆ ತಲೆಬರಹದಲ್ಲಿ 23 ಅಂತಲೇ ಇರಲಿ.

ಆತಕೂರಿಗೆ ಬರೋಣ. ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ ಮಣಲೇರ ನಿಲ್ಲಿಸಿದ್ದು, ತಕ್ಕೋಲಂನಲ್ಲಿ ಚೋಳ ರಾಜಾದಿತ್ಯ ಸತ್ತ ಸಂಗತಿಯೂ ಅದರಲ್ಲಿದೆ. ಕಾಲ ಹೇಳುವುದು ಶಕ 872, ಸೌಮ್ಯ ಸಂವತ್ಸರ ಎಂದು. ಇಲ್ಲಿ ಮಕ್ಕಳು ತಪ್ಪು ಮಾಡಲಿ ಅಂತಲೇ ಬಿಡಿ: 872ಕ್ಕೆ 78 ಕೂಡಿಸಿದರೆ 950. ಆದರೆ ಸೌಮ್ಯ ಸಂವತ್ಸರ ಬಿದ್ದದ್ದು 949–50ರಲ್ಲಿ. ಹೇಗೆ ಪರೀಕ್ಷಿಸುವುದು? ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತುತ್ತದೆ. 1969–70 ಸೌಮ್ಯ. ಅದರಿಂದ 1,020 ವರ್ಷ, ಅಂದರೆ 60ರ 17 ಸುತ್ತು ಹಿಂದೆ ಹೋದರೆ 949–50. ಒಂದು ವರ್ಷದ ವ್ಯತ್ಯಾಸ ಬಂದದ್ದು ಶಾಸನ ನಡೆಯುತ್ತಿರುವ ವರ್ಷವನ್ನು ಎಣಿಸಿರುವುದರಿಂದ. 78 ಕೂಡಿಸುವ ಸೂತ್ರ ಕಳೆದ ವರ್ಷಗಳಿಗೆ ಹೊಂದುವಂಥದ್ದು. ವೀರಗಲ್ಲಿನ ತಾರೀಖು ಓದುವ ಎಲ್ಲರಿಗೂ ಈ ಗತ–ವರ್ತಮಾನದ ತಂಟೆ ತಪ್ಪದು, ಸಂವತ್ಸರದ ಹೆಸರೇ ಕೈಹಿಡಿಯುವುದು. ತಿಂಗಳು, ಪಕ್ಷ, ತಿಥಿ, ವಾರ ಕಲ್ಲಿನಲ್ಲಿದ್ದರೆ ಮಾತ್ರ ದಿನ ಸಿಗುತ್ತದೆ. ತಕ್ಕೋಲಂಗೆ ನಮಗೆ ಸಿಗುವುದು ವರ್ಷವಷ್ಟೆ.

ನಿಮ್ಮ ಜಿಲ್ಲೆಗೆ ದಿನ ಖಚಿತವಾಗಿರುವ ದೊಡ್ಡ ಘಟನೆ ಮೇ 4, 1799, ಶನಿವಾರ, ಶ್ರೀರಂಗಪಟ್ಟಣ ಬಿದ್ದದ್ದು, ಟಿಪ್ಪು ಮಡಿದದ್ದು. ಅದಕ್ಕೂ ಜೊತೆ ಬೇಕೆಂದರೆ 1945ರ ಮೇ 4ರಂದು ಲೂನೆಬರ್ಗ್ ಬಯಲಿನಲ್ಲಿ ವಾಯವ್ಯ ಜರ್ಮನಿಯ ಸೇನೆ ಶರಣಾಗತಿಗೆ ಸಹಿ ಹಾಕಿತು (ಜಾರಿಗೆ ಬಂದದ್ದು 5ರ ಬೆಳಿಗ್ಗೆ 8ಕ್ಕೆ), 1982ರಲ್ಲಿ ಫಾಕ್ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಕ್ಷಿಪಣಿ ಬಡಿಯಿತು (ಮುಳುಗಿದ್ದು 10ರಂದು). ಮೇ ತಿಂಗಳಲ್ಲಿ ಶಾಲೆ ಇರುವುದಿಲ್ಲ, ಹಾಗಾಗಿ ಇದನ್ನು ಸ್ಥಳದಲ್ಲೇ ಹೇಳುವುದು ಮೇಲು. ಕೋಟೆ ಒಡೆದ ಪಶ್ಚಿಮದ ಕಡೆಯಿಂದ ಶುರು ಮಾಡಿ, ಅಲ್ಲಿನ ಸ್ಮಾರಕ ಕಂಬದ ಹತ್ತಿರ ನಿಂತು ಕಾವೇರಿ ನೋಡಿದರೆ ದಾಳಿಗೆ ಮಧ್ಯಾಹ್ನವನ್ನೂ ಮಳೆಗಾಲಕ್ಕೆ ಮುಂಚಿನ ತಿಂಗಳನ್ನೂ ಆರಿಸಿದ್ದು ಯಾಕೆಂದು ತಿಳಿಯುತ್ತದೆ: ಹೊಳೆ ತಗ್ಗಿತ್ತು, ಹೊಸ ನೀರು ಬರುವ ಮುಂಚೆ ಮುಗಿಸಬೇಕಿತ್ತು, ಕಾವಲಿನವರು ಊಟದ ಹೊತ್ತಿಗೆ ಸಡಿಲವಾಗಿರುತ್ತಿದ್ದರು. ಆಮೇಲೆ ಟಿಪ್ಪುವಿನ ದೇಹ ಸಿಕ್ಕ ಜಾಗ, ಕೊನೆಗೆ ಗುಂಬಜ್. ಗುಂಬಜಿನಲ್ಲಿ ಮಕ್ಕಳಿಗೆ ಒಂದು ಲೆಕ್ಕ ಕೊಡಿ. ಅಂದಿನ ಮಧ್ಯಾಹ್ನ ಹಿಜರಿ 1213ರ ಜಿಲ್ಕಾದ್ ತಿಂಗಳ ಕೊನೆಯ ದಿನಗಳು, ಅಂದರೆ ಅಮಾವಾಸ್ಯೆಯ ಆಸುಪಾಸು. ಹಿಜರಿಯಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದಾಗ. ಮಧ್ಯಾಹ್ನ ಕೋಟೆ ಒಡೆಯಿತು, ರಾತ್ರಿ ದೀವಟಿಗೆ ಬೆಳಕಿನಲ್ಲಿ ದೇಹ ಸಿಕ್ಕಿತು. ಇಂಗ್ಲಿಷ್ ಲೆಕ್ಕದಲ್ಲಿ ಎರಡೂ ಮೇ 4. ಹಿಜರಿ ಲೆಕ್ಕದಲ್ಲಿ ಎಷ್ಟು ದಿನ ಆಯಿತು?